ಒಳಗಿನ ಪಾಪುವಿಗೂ ಸ್ವರಗಳೇ ಮೊದಲು

ಶೃಂಗೇರಿಗೆ ಹೋದವರು ತುಂಗೆಯ ದಡದಲ್ಲಿ ಕಪ್ಪೆ ಶಂಕರನನ್ನು ನೋಡಿಯೇ ಇರುತ್ತಾರೆ. ಹೆರಿಗೆ ನೋವಿನಲ್ಲಿದ್ದ ಕಪ್ಪೆಗೆ ಬಿಸಿಲು ತಾಗದಂತೆ ಹಾವು ಹೆಡೆಯೆತ್ತಿ ನೆರಳು ಹಿಡಿದಿದ್ದನ್ನು ಶಂಕರಾಚಾರ್ಯರು ಕಂಡರೆಂಬ ಐತಿಹ್ಯದ ಶಿಲ್ಪ ಅದು. ಕೊಪ್ಪದ ದಂಪತಿ ಈ ಬೇಸಿಗೆಯಲ್ಲಿ ಮಗಳಿಗೆ ಶಾರದಾಂಬೆಯ ಸನ್ನಿಧಿಯಲ್ಲಿ ಅಕ್ಷರಾಭ್ಯಾಸ ಮಾಡಿಸಿ ಹೊಳೆಗೆ ಇಳಿದಾಗ, ಮಗಳು ಆ ಶಿಲ್ಪ ನೋಡಿ ಕೇಳಿದಳಂತೆ: "ಅಮ್ಮಾ, ಕಪ್ಪೆ ಹೊಟ್ಟೆಯೊಳಗಿರೋ ಮರಿಗೆ ಹಾವು ಬುಸ್ ಅನ್ನೋದು ಕೇಳುತ್ತಾ?"

ಅಮ್ಮನಿಗೆ ಆಗ ಏಳನೇ ತಿಂಗಳು. ಮಗಳು ಜೂನ್‌ನಲ್ಲಿ ಶಾಲೆ ಸೇರುವವಳು. ಅಂದಿನಿಂದ ದಿನಾ ಸಂಜೆ ಅಮ್ಮನ ಹೊಟ್ಟೆಯ ಹತ್ತಿರ ಬಾಯಿಟ್ಟು "ಅ ಆ ಇ ಈ" ಹೇಳಿಕೊಡುತ್ತಿದ್ದಾಳೆ. ಆ ತಾಯಿ ಪತ್ರ ಬರೆದು ಎರಡು ವಿಷಯ ಕೇಳಿದ್ದಾರೆ. ಒಳಗಿರುವ ಮಗುವಿಗೆ ಅಕ್ಕನ ಪಾಠ ನಿಜಕ್ಕೂ ಕೇಳಿಸುತ್ತದೆಯೇ? ಹೊಟ್ಟೆಗೆ ಕಟ್ಟಿಕೊಂಡು ಸಂಗೀತ ಕೇಳಿಸುವ ಸ್ಪೀಕರ್ ಮಾರಾಟಕ್ಕಿದೆಯಲ್ಲ, ಅದನ್ನು ಕೊಳ್ಳಬೇಕೆ?

ಕಪ್ಪೆ ನೀರಿನಲ್ಲಿ ಮೊಟ್ಟೆಯಿಡುವ ಜೀವಿ. ಐತಿಹ್ಯವನ್ನು ಅದರ ಪಾಡಿಗೆ ಬಿಟ್ಟು ಮಗುವಿನ ಪ್ರಶ್ನೆಯನ್ನು ಅಮ್ಮನ ಹೊಟ್ಟೆಗೇ ತರೋಣ. ಅದು ಬಹಳ ಒಳ್ಳೆಯ ಪ್ರಶ್ನೆ. ಏಕೆಂದರೆ ಗರ್ಭದ ಗೋಡೆ ಮೊದಲು ತಡೆಯುವುದೇ ಬುಸ್ಸಿನಂಥ ಸದ್ದನ್ನು.

ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಗುಡ್ಡದಾಚೆ ರಾತ್ರಿ ಯಕ್ಷಗಾನದ ಆಟ ನಡೆಯುತ್ತಿದೆ, ನೀವು ಮನೆಯೊಳಗೆ ಕಂಬಳಿ ಹೊದ್ದು ಮಲಗಿದ್ದೀರಿ ಎಂದುಕೊಳ್ಳಿ. ಭಾಗವತರ ದನಿ ಏರುವುದು, ಇಳಿಯುವುದು, ಎಳೆದು ನಿಲ್ಲುವುದು ನಿಮಗೆ ಗೊತ್ತಾಗುತ್ತದೆ. ತಾಳ ನಿಧಾನವೋ ಚುರುಕೋ ತಿಳಿಯುತ್ತದೆ. ಆಟಕ್ಕೆ ಹೋಗಿ ಹೋಗಿ ಕಿವಿ ಪಳಗಿದವರು ಹಾಡುತ್ತಿರುವ ಭಾಗವತರು ಯಾರೆಂದೂ ಹೇಳಿಬಿಡುತ್ತಾರೆ. ಆದರೆ ಪದ್ಯದ ಒಂದು ಪದವೂ ಬಿಡಿಸಿ ಕೇಳುವುದಿಲ್ಲ, ವೇಷಧಾರಿಯ ಮಾತಂತೂ ಬರೀ ಗುನುಗು. ದನಿಯ ಕೆಳಗಿನ ಕಂಪನಗಳು ಗುಡ್ಡ, ಕಾಡು, ಗೋಡೆಗಳನ್ನು ದಾಟಿ ಬರುತ್ತವೆ. ಸ, ಶ, ಚ, ತಗಳನ್ನು ಬೇರೆ ಮಾಡಿ ತೋರಿಸುವ ಮೇಲಿನ ಕಂಪನಗಳು ದಾರಿಯಲ್ಲೇ ಸೋರಿ ಹೋಗುತ್ತವೆ. ಗರ್ಭದೊಳಗಿನ ಮಗು ಹೀಗೆ ಗುಡ್ಡದಾಚೆಯ ಆಟ ಕೇಳುವ ಕೇಳುಗ. ಅದಕ್ಕೆ ಸಿಗುವುದು ಧಾಟಿ, ಮಾತಲ್ಲ.

ಅಂಕಿಗಳಲ್ಲಿ ಹೇಳುವುದಾದರೆ, ಸುಮಾರು 300 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 300 ಕಂಪನಗಳಿಗಿಂತ, ಕೆಳಗಿನ ಸದ್ದು ಅಷ್ಟಾಗಿ ಕುಂದದೆ ಒಳಗೆ ಮುಟ್ಟುತ್ತದೆ. ಅದರಿಂದ ಮೇಲೆ ಹೋದಷ್ಟೂ ಮಂಕಾಗುತ್ತದೆ. ಹೆಚ್ಚಿನ ಹಾವುಗಳ ಬುಸುಗುಟ್ಟುವಿಕೆಯ ಮುಖ್ಯ ಕಂಪನ 7,500 ಹರ್ಟ್ಸ್ ಆಸುಪಾಸಿನದು. ಅದು ಒಳಗೆ ತಲುಪುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಆದರೆ ನಮ್ಮ ಕಾಡಿನ ಕಾಳಿಂಗ ಸರ್ಪದ ರೀತಿಯೇ ಬೇರೆ. ಅದರದು ಬುಸ್ ಅಲ್ಲ, ಗುರುಗುಟ್ಟುವಿಕೆ. ಮುಖ್ಯ ಕಂಪನ ಸುಮಾರು 600 ಹರ್ಟ್ಸ್. ಆದ್ದರಿಂದ ಆ ಮಗುವಿಗೆ ಹೇಳಬೇಕಾದ ಉತ್ತರ ಇದು: ಬುಸ್ ಅಂದರೆ ಕೇಳಲ್ಲ, ಗುರ್ ಅಂದರೆ ಒಂಚೂರು ಕೇಳಬಹುದು.

ಒಳಗಿನ ಕಿವಿಯೂ ಇದೇ ಕ್ರಮದಲ್ಲಿ ತೆರೆದುಕೊಳ್ಳುತ್ತದೆ. 1983ರಲ್ಲಿ ಅಮೆರಿಕದ ಬರ್ನ್‌ಹೋಲ್ಜ್ ಮತ್ತು ಬೆನಸೆರಾಫ್ ಎಂಬ ವೈದ್ಯರು ತಾಯಿಯ ಹೊಟ್ಟೆಯ ಮೇಲೆ ಕಂಪಿಸುವ ಸಾಧನ ಇಟ್ಟು, ಸ್ಕ್ಯಾನಿಂಗ್‌ನಲ್ಲಿ ಮಗುವಿನ ಕಣ್ಣನ್ನೇ ನೋಡುತ್ತ ಕೂತರು. 24-25ನೇ ವಾರದಿಂದ ಕೆಲವು ಮಕ್ಕಳು ಬೆಚ್ಚಿ ಕಣ್ಣು ಮಿಟುಕಿಸಿದವು. 28 ವಾರ ದಾಟಿದ ಮೇಲೆ ಇದು ತಪ್ಪದೆ ಕಂಡಿತು. ಐರ್ಲೆಂಡ್ ದ್ವೀಪದ ಬೆಲ್‌ಫಾಸ್ಟ್‌ನಲ್ಲಿ ಪೀಟರ್ ಹೆಪ್ಪರ್ ಮತ್ತು ಶಾಹಿದುಲ್ಲಾ 1994ರಲ್ಲಿ ಇನ್ನಷ್ಟು ಬಿಡಿಸಿ ತೋರಿಸಿದರು. 27ನೇ ವಾರದಲ್ಲಿ ನೂರಕ್ಕೆ 96 ಮಕ್ಕಳು 250 ಮತ್ತು 500 ಹರ್ಟ್ಸ್ ಸದ್ದಿಗೆ ಅಲುಗಿದವು, 1,000 ಮತ್ತು 3,000 ಹರ್ಟ್ಸ್‌ಗೆ ಒಂದೂ ಅಲುಗಲಿಲ್ಲ. ಅಂದರೆ ಕಿವಿ ತೆರೆಯುವುದೇ ತಗ್ಗಿನ ದನಿಗೆ, ಗೋಡೆ ಬಿಡುವುದೂ ತಗ್ಗಿನ ದನಿಯನ್ನೇ.

ಈಗ ಅಕ್ಕನ ಪಾಠಕ್ಕೆ ಬರೋಣ. ಮಾತಿನಲ್ಲಿ ಕೆಳಗಿನ ಕಂಪನಗಳು ತುಂಬಿರುವುದು ಸ್ವರಗಳಲ್ಲಿ. ಶಾಲೆಯಲ್ಲಿ ಅಕ್ಕ ಮೊದಲು ಕಲಿಯುವುದು ಸ್ವರ, ಒಳಗಿನ ಪಾಪುವಿಗೆ ಮೊದಲು ದಕ್ಕುವುದೂ ಸ್ವರ! ಎಲ್ಲ ಸ್ವರವೂ ಒಂದೇ ಸಮ ದಕ್ಕುವುದಿಲ್ಲ ಎನ್ನುವುದೂ ನಿಜ. ಈ ಮತ್ತು ಊ ಎಂಬ ಎರಡರ ಕೆಳಗಿನ ಕಂಪನ ಹೆಚ್ಚುಕಮ್ಮಿ ಒಂದೇ. ಅವೆರಡನ್ನು ಬೇರ್ಪಡಿಸುವ ಮೇಲಿನ ಕಂಪನ ಗೋಡೆಯಲ್ಲಿ ಮಂಕಾಗುತ್ತದೆ. ಹಾಗಾಗಿ ಒಳಗಿನ ಕಿವಿಗೆ ಆ ಮತ್ತು ಈ ಬೇರೆಯಾಗಿ ಕಂಡಷ್ಟು ಈ ಮತ್ತು ಊ ಬೇರೆಯಾಗಿ ಕಾಣುವುದು ಕಷ್ಟ.

ಮಗು ಕೇಳಿದ್ದು ಮಾತ್ರವಲ್ಲ, ನೆನಪಿಟ್ಟುಕೊಂಡಿದೆ ಎಂದು ತಿಳಿದದ್ದು ಹೇಗೆ? ಈ ಕಥೆ ನನಗೆ ಬಹಳ ಪ್ರಿಯ. 1980ರಲ್ಲಿ ಅಮೆರಿಕದ ಆಂಟನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ 10 ನವಜಾತ ಶಿಶುಗಳ ಬಾಯಿಗೆ ಹಾಲಿಲ್ಲದ ರಬ್ಬರ್ ತೊಟ್ಟು ಇಟ್ಟರು. ಮಕ್ಕಳು ತೊಟ್ಟನ್ನು ಒಂದಷ್ಟು ಚೀಪಿ, ನಿಲ್ಲಿಸಿ, ಮತ್ತೆ ಚೀಪುತ್ತವೆ. ನಡುವಿನ ಬಿಡುವು ಉದ್ದವಾದರೆ ಅಮ್ಮ ಓದಿದ ಕಥೆ, ಗಿಡ್ಡವಾದರೆ ಬೇರೊಬ್ಬ ಹೆಂಗಸು ಓದಿದ ಅದೇ ಕಥೆ ಕಿವಿಗೆ ಬೀಳುವಂತೆ ಯಂತ್ರವನ್ನು ಜೋಡಿಸಿದ್ದರು. ಕೆಲವು ಮಕ್ಕಳಿಗೆ ಇದನ್ನೇ ತಿರುಗುಮುರುಗು ಮಾಡಿದ್ದರು. ಹುಟ್ಟಿ ಮೂರು ದಿನವಾಗದ ಕೂಸುಗಳು ಚೀಪುವ ಲಯವನ್ನೇ ಬದಲಿಸಿ ಅಮ್ಮನ ದನಿಯನ್ನು ಆರಿಸಿಕೊಂಡವು. ಅಳುವುದಷ್ಟೇ ಬಲ್ಲದು ಎಂದುಕೊಂಡಿದ್ದ ಕೂಸು ಬಾಯಲ್ಲೇ ಗುಂಡಿ ಒತ್ತಿ ತನಗೆ ಬೇಕಾದ್ದನ್ನು ಕೇಳಿತು!

1986ರಲ್ಲಿ ಡಿಕ್ಯಾಸ್ಪರ್ ಮತ್ತು ಮೆಲನಿ ಸ್ಪೆನ್ಸ್ ಮುಂದುವರಿದರು. ಗರ್ಭಿಣಿಯರು ಕೊನೆಯ ಆರು ವಾರ ಒಂದೇ ಮಕ್ಕಳ ಕಥೆಯನ್ನು ದಿನಾ ಗಟ್ಟಿಯಾಗಿ ಓದಿದರು. ಹುಟ್ಟಿದ ಮೇಲೆ ಶಿಶುಗಳು ಕೇಳದ ಕಥೆಗಿಂತ ಕೇಳಿದ ಕಥೆಯನ್ನೇ ಬಯಸಿದವು, ಅದನ್ನು ಬೇರೆ ಹೆಂಗಸು ಓದಿದರೂ ಸರಿ. ಕಥೆಯ ಅರ್ಥ ಅವಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅದರ ಧಾಟಿ. 2009ರಲ್ಲಿ ಜರ್ಮನಿಯ ಕ್ಯಾಥ್ಲೀನ್ ವೆರ್ಮ್ಕೆ ತಂಡ 30 ಫ್ರೆಂಚ್ ಮತ್ತು 30 ಜರ್ಮನ್ ನವಜಾತ ಶಿಶುಗಳ ಅಳುವನ್ನು ಅಳೆದಾಗ, ಫ್ರೆಂಚ್ ಕೂಸುಗಳ ಅಳು ಹೆಚ್ಚಾಗಿ ಏರುತ್ತ ಹೋಗುತ್ತಿತ್ತು, ಜರ್ಮನ್ ಕೂಸುಗಳದು ಇಳಿಯುತ್ತ. ತಾಯ್ನುಡಿಯ ಧಾಟಿ ಅಳುವಿನಲ್ಲೇ ಕಾಣಿಸಿತು.

ನರಸಿಂಹರಾಜಪುರದ ಕಡೆ ಮನೆಯಲ್ಲಿ ಮಲಯಾಳ, ಪೇಟೆಯಲ್ಲಿ ಕನ್ನಡ ಆಡುವ ತಾಯಂದಿರಿದ್ದಾರೆ. ಕೊಪ್ಪ, ಶೃಂಗೇರಿಯಲ್ಲಿ ತುಳು, ಕೊಂಕಣಿ ಮನೆಗಳಿವೆ. ಮಗುವಿಗೆ ಗೊಂದಲವಾಗುತ್ತದೆಂದು ಅವರು ಅಂಜಬೇಕಿಲ್ಲ. ಕೆನಡಾದ ವ್ಯಾಂಕೂವರ್‌ನಲ್ಲಿ ಇಂಗ್ಲಿಷ್ ಮತ್ತು ಟಗಾಲೊಗ್ ಎರಡನ್ನೂ ಆಡುತ್ತಿದ್ದ ತಾಯಂದಿರ ನವಜಾತ ಶಿಶುಗಳು ಎರಡೂ ನುಡಿಗೆ ಸಮನಾಗಿ ಕಿವಿಗೊಟ್ಟವು, ಎರಡನ್ನೂ ಬೇರೆ ಬೇರೆ ಎಂದೂ ಗುರುತಿಸಿದವು. ಇದು 2010ರಲ್ಲಿ ಪ್ರಕಟವಾದ ಅಧ್ಯಯನ.

ಸ್ಪೀಕರ್ ವಿಷಯಕ್ಕೆ ಬಂದರೆ, ಆ ಹಣವನ್ನು ಬಾಣಂತನಕ್ಕೆ ಇಟ್ಟುಕೊಳ್ಳಿ. ಗರ್ಭದಲ್ಲೇ ಬುದ್ಧಿ ಬೆಳೆಸುವ ಸಂಗೀತ ಎಂಬ ವ್ಯಾಪಾರದ ಮೂಲ 1993ರ ಒಂದು ಪುಟ್ಟ ಪ್ರಯೋಗ. ಅದರಲ್ಲಿದ್ದವರು ಕಾಲೇಜು ವಿದ್ಯಾರ್ಥಿಗಳು, ಶಿಶುಗಳಲ್ಲ. ಮೊಜಾರ್ಟ್ ಸಂಗೀತ ಕೇಳಿದ ಮೇಲೆ ಒಂದು ಬಗೆಯ ಪರೀಕ್ಷೆಯಲ್ಲಿ ಅವರಿಗೆ ಸಿಕ್ಕ ಚುರುಕು ಹತ್ತು ಹದಿನೈದು ನಿಮಿಷಕ್ಕೆ ಇಳಿದುಹೋಯಿತು. ಇಷ್ಟನ್ನೇ ಹಿಡಿದು 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಮಗುವಿಗೂ ಸಂಗೀತದ ಸಿ.ಡಿ. ಕೊಡಲು ಹೊರಟರು. ಚಕ್ರವ್ಯೂಹದ ಕಥೆ ಕೇಳಿದ ಅಭಿಮನ್ಯುವಿನ ಹೆಸರಿನಲ್ಲಿ ನಮ್ಮಲ್ಲೂ ಮಾರಾಟ ನಡೆದಿದೆ. ಗರ್ಭದಲ್ಲಿ ಪಾಠ ಕಲಿಸಬಹುದೆಂಬುದಕ್ಕೆ ಆಧಾರವಿಲ್ಲ. ದಿನದ ಬಹುಪಾಲು ನಿದ್ದೆಯಲ್ಲಿರುವ ಮಗುವಿನ ಕಿವಿಗೆ ಹತ್ತಿರದಿಂದ ಸದ್ದು ಹಾಯಿಸುವುದು ಬೇಡ.

ಬೇಕಾದ ಸಾಧನ ಮನೆಯಲ್ಲೇ ಇದೆ, ತಾಯಿಯ ಗಂಟಲು. ಹೊರಗಿನವರ ದನಿ ಗೋಡೆ ದಾಟಿ ಬರಬೇಕು. ತಾಯಿಯ ದನಿ ಮೂಳೆ ಮಾಂಸಗಳ ಮೂಲಕವೂ ಇಳಿಯುತ್ತದೆ. ಆದ್ದರಿಂದ ಅಕ್ಕ "ಅ" ಅನ್ನಲಿ, ಅಮ್ಮ ಅದನ್ನೇ ಗಟ್ಟಿಯಾಗಿ ಹೇಳಲಿ, ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದನ್ನು ಮಕ್ಕಳು ಒಟ್ಟಿಗೆ ಹೇಳುವ ಹಾಗೆ.

ಇದರ ದೊಡ್ಡ ಲಾಭ ಅಕ್ಕನಿಗೆ. ಕನ್ನಡದ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ತೋರಿಸಿದಂತೆ, ನಮ್ಮ ಕಾಗುಣಿತ, ಒತ್ತಕ್ಷರಗಳು ಪೂರ್ತಿ ಕೈಗೆ ಹತ್ತಲು ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಮೊದಲ ವರ್ಷ ಓದು ಬರಲಿಲ್ಲವೆಂದು ಗದರುವುದಕ್ಕಿಂತ, ಪಾಪುವಿಗೆ ಹೇಳಿಕೊಡುವ ನೆಪದಲ್ಲಿ ಸ್ವರಗಳು ಬಾಯಲ್ಲಿ ಆಡಲು ಬಿಡುವುದು ಒಳ್ಳೆಯದು. ಇನ್ನೊಂದು ಮಾತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೂಡಿ ಡನ್ ಮತ್ತು ಕ್ಯಾರೊಲ್ ಕೆಂಡ್ರಿಕ್ 40 ಕುಟುಂಬಗಳಲ್ಲಿ ಎರಡನೇ ಮಗು ಬಂದಾಗ ಏನಾಗುತ್ತದೆಂದು ಮನೆಗೇ ಹೋಗಿ ನೋಡಿ 1982ರಲ್ಲಿ ಪುಸ್ತಕ ಬರೆದರು. ಪಾಪುವಿಗೂ ಹಸಿವು, ಬೇಸರ, ಇಷ್ಟ ಇದೆ ಎಂದು ಯಾವ ಮನೆಯ ತಾಯಿ ಮೊದಲ ಮಗುವಿನೊಡನೆ ಮಾತಾಡುತ್ತಿದ್ದಳೋ, ಆ ಮನೆಯ ಮಕ್ಕಳು ಮುಂದೆ ಹೆಚ್ಚು ಅನ್ಯೋನ್ಯವಾಗಿದ್ದರು.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ಕುವೆಂಪು ಹುಟ್ಟಿದ್ದು ತಾಯಿಯ ತವರಿನಲ್ಲಿ. ಹೆರಿಗೆಗೆ ತವರಿಗೆ ಹೋಗುವ ಆ ರೂಢಿ ಇಂದಿಗೂ ಇದೆ. ಪತ್ರ ಬರೆದ ತಾಯಿಯೂ ಶ್ರಾವಣದ ಹೊತ್ತಿಗೆ ತವರಿಗೆ ಹೊರಡುವವರು. ಮಗಳು ಶಾಲೆ ಬಿಟ್ಟು ಜೊತೆಗೆ ಹೋಗುವಂತಿಲ್ಲ. ಅಲ್ಲಿಯವರೆಗಿನ ಮಳೆಗಾಲದ ಸಂಜೆಗಳಲ್ಲಿ ಪಾಠ ನಡೆಯಲಿ. ತೊಟ್ಟಿಲ ಹತ್ತಿರ ಬಂದು ಅವಳು "ಅ ಆ ಇ ಈ" ಎಂದಾಗ ಪಾಪುವಿಗೆ ಅಕ್ಷರ ತಿಳಿಯದು. ಆದರೆ ಆ ಧಾಟಿಯನ್ನು ಅದು ಅಮ್ಮನ ದನಿಯಲ್ಲಿ ವಾರಗಟ್ಟಲೆ ಕೇಳಿರುತ್ತದೆ.