ಸಗಣಿ, ಸೌದೆ, ಸಿಪ್ಪೆ: ಬಯೋಮಾಸ್ ಬಗ್ಗೆ ನಂಬಿದ್ದೆಷ್ಟು, ನಿಜವೆಷ್ಟು

ನವೀಕರಿಸಬಹುದಾದ ಇಂಧನಗಳ ಯಾವ ಪಟ್ಟಿ ನೋಡಿದರೂ ಬಿಸಿಲು, ಗಾಳಿ, ಬಯೋಮಾಸ್ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಬಿಸಿಲನ್ನು ಯಾರೂ ಬೆಳೆಯಬೇಕಾಗಿಲ್ಲ, ಗಾಳಿಯನ್ನು ಯಾರೂ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬರಬೇಕಾಗಿಲ್ಲ. ಬಯೋಮಾಸ್‌ನ ಕಥೆ ಬೇರೆ. ಅದನ್ನು ಬೆಳೆಯಬೇಕು, ಕಡಿಯಬೇಕು, ಒಣಗಿಸಬೇಕು, ಸಾಗಿಸಬೇಕು. ನೆಲ, ನೀರು, ಆಳು ಎಲ್ಲವೂ ಬೇಕು. ಇಷ್ಟನ್ನು ಮರೆತದ್ದರಿಂದಲೇ ಅದರ ಬಗ್ಗೆ ಎರಡೂ ಕಡೆಯಿಂದ ತಪ್ಪು ತಿಳಿವಳಿಕೆ ಬೆಳೆದಿದೆ. ಕೆಲವರ ಕಣ್ಣಿಗೆ ಅದು ಹೊಗೆ ತುಂಬಿದ ಅಡುಗೆಮನೆಯ ಹಳೇ ಕಾಲದ ಇಂಧನ. ಇನ್ನು ಕೆಲವರಿಗೆ ಕಸ ಹಾಕಿದರೆ ಕರೆಂಟು ಕೊಡುವ ಕಾಮಧೇನು. ಇವೆರಡರ ನಡುವೆ ಸಿಕ್ಕಿ, ಕೈಯಲ್ಲಿದ್ದ ಒಳ್ಳೆಯ ಅವಕಾಶಗಳನ್ನು ನಾವು ಬಿಟ್ಟುಕೊಟ್ಟಿದ್ದೇವೆ ಎಂಬುದು ನನ್ನ ಸಂಕಟ.

ನಂಬಿಕೆ: ಗೋಬರ್ ಗ್ಯಾಸ್ ಹಾಕಿಸಿದರೆ ತೋಟಕ್ಕೆ ಗೊಬ್ಬರ ಸಿಗುವುದಿಲ್ಲ

ಸಗಣಿಯ ಸತ್ವವೆಲ್ಲ ಗ್ಯಾಸಾಗಿ ಉರಿದುಹೋದ ಮೇಲೆ ಬಗ್ಗಡದಲ್ಲಿ ಏನು ಉಳಿದೀತು ಎಂದು ಕೇಳುವವರು ಹಳ್ಳಿಗಳಲ್ಲಿ ಇವತ್ತಿಗೂ ಇದ್ದಾರೆ. ಕೇಳುವುದು ಸಹಜವೇ. ಉತ್ತರ ಗುಂಡಿಯೊಳಗಿದೆ.

ಬೆಳಗ್ಗೆ ಕೊಟ್ಟಿಗೆ ಬಳಿದು ತಂದ ಸಗಣಿಯನ್ನು ತೊಟ್ಟಿಗೆ ಸುರಿದು, ಅಷ್ಟೇ ನೀರು ಬೆರೆಸಿ, ಹುಲ್ಲುಕಡ್ಡಿ ಆರಿಸಿ ತೆಗೆದು, ಗಂಟಿಲ್ಲದಂತೆ ಕದಡಿ ಒಳಗೆ ಬಿಡುತ್ತಾರೆ. ಗಾಳಿಯಾಡದ ಜಾಗದಲ್ಲಿ ಸೂಕ್ಷ್ಮಾಣುಗಳು ಅದನ್ನು ಕರಗಿಸುತ್ತ ಮೀಥೇನನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಬಿಡುತ್ತವೆ. ಈ ಮಿಶ್ರಣದಲ್ಲಿ ಮೀಥೇನ್ ಸುಮಾರು ಶೇ 55ರಿಂದ 65ರಷ್ಟು. ಒಲೆಯಲ್ಲಿ ನೀಲಿ ಜ್ವಾಲೆಯಾಗಿ ಉರಿಯುವುದು ಅದೇ. ಈ ಎರಡು ಅನಿಲಗಳಲ್ಲಿ ಇರುವುದು ಇಂಗಾಲ, ಜಲಜನಕ, ಆಮ್ಲಜನಕ ಮಾತ್ರ. ಬೆಳೆಗೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಷ್ ಗ್ಯಾಸಿನ ಜೊತೆ ಹೋಗುವುದೇ ಇಲ್ಲ. ಹೊರಗೆ ಬರುವ ಬಗ್ಗಡದಲ್ಲೇ ಅವು ಇರುತ್ತವೆ. ಸಾರಜನಕದ ಒಂದು ಪಾಲು ಅಮೋನಿಯಾ ರೂಪಕ್ಕೆ ತಿರುಗಿರುವುದರಿಂದ ಗಿಡಕ್ಕೆ ಇನ್ನೂ ಬೇಗ ದಕ್ಕುತ್ತದೆ. ಇಂಗಾಲದ ಅಂಶ ಕಡಿಮೆಯಾಗುತ್ತದೆ, ನಿಜ. ಆದರೆ ತಿಪ್ಪೆಯಲ್ಲಿ ಕೊಳೆಯುವಾಗಲೂ ಅದು ಹೋಗುತ್ತದೆ, ಅಲ್ಲಿ ಅನ್ನ ಬೇಯಿಸದೆ ಹೋಗುತ್ತದೆ ಅಷ್ಟೇ. ನಷ್ಟ ಆಗುವುದು ಬೇರೆ ಕಡೆ: ಬಗ್ಗಡವನ್ನು ಬಿಸಿಲಿಗೆ ಹರಡಿ ಒಣಗಿಸಿದರೆ ಅಮೋನಿಯಾ ಹಾರಿಹೋಗುತ್ತದೆ. ತರಗೆಲೆ, ಸೊಪ್ಪು ಹಾಕಿದ ಗೊಬ್ಬರದ ಗುಂಡಿಗೆ ಬಿಟ್ಟರೆ ಅಥವಾ ನೇರ ಗಿಡದ ಬುಡಕ್ಕೆ ಹೊಯ್ದರೆ ಉಳಿಯುತ್ತದೆ. ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಶಿರಸಿ ಸೀಮೆಯಲ್ಲಿ ಗೋಬರ್ ಗ್ಯಾಸ್ ಯಶಸ್ವಿಯಾದ ಬಗೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಧ್ಯಯನ ಮಾಡಿದ್ದಾರೆ. ಕಟ್ಟಿಕೊಟ್ಟವರೇ ಕೆಟ್ಟಾಗ ಬಂದು ರಿಪೇರಿ ಮಾಡಿಕೊಟ್ಟದ್ದು ಅಲ್ಲಿನ ದೊಡ್ಡ ಕಾರಣಗಳಲ್ಲೊಂದು.

ಹಾಗೆಂದು ಎಲ್ಲರಿಗೂ ಹೊಂದುವ ವ್ಯವಸ್ಥೆ ಇದಲ್ಲ. 1 ಘನ ಮೀಟರ್ ಗ್ಯಾಸಿಗೆ ಸುಮಾರು 25 ಕೆಜಿ ಹಸಿ ಸಗಣಿ ಬೇಕು. ಒಂದು ಸಂಸಾರಕ್ಕೆ ಸಾಲುವ 2 ಘನ ಮೀಟರ್ ಘಟಕಕ್ಕೆ ದಿನವೂ 50 ಕೆಜಿ, ಅಂದರೆ ನಾಲ್ಕೈದು ದನ. ದಿನವಿಡೀ ಹೊರಗೆ ಮೇಯುವ ದನದ ಸಗಣಿ ಅರ್ಧ ಗುಡ್ಡದಲ್ಲೇ ಬೀಳುತ್ತದೆ. ಲೆಕ್ಕ ಸರಿ ಬಂದರೆ ಹದಿನಾರು ದಿನಕ್ಕೆ ಒಂದು 14.2 ಕೆಜಿ ಸಿಲಿಂಡರಿನಷ್ಟು ಉಳಿತಾಯವಾಗುತ್ತದೆ. ದನ ಮಾರಿದ ಮನೆಯಲ್ಲಿ ಗುಂಡಿ ಒಣಗುತ್ತದೆ. ಮಳೆಗಾಲದ ಚಳಿಗೆ ಗ್ಯಾಸು ಕಡಿಮೆಯಾಗುತ್ತದೆ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಸೋರುವ ಪೈಪು, ಬಿರುಕು ಬಿಟ್ಟ ಗುಮ್ಮಟ ಇದ್ದರೆ ಒಲೆಯಲ್ಲಿ ಮಾಡಿದ ಉಪಕಾರವೆಲ್ಲ ಅಲ್ಲೇ ಕಳೆದುಹೋಗಬಹುದು. ರಿಪೇರಿಗೆಂದು ಗುಂಡಿಗೆ ಇಳಿಯುವವರಿಗೆ ಒಂದು ಮಾತು: ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಪೂರ್ತಿ ಖಾಲಿ ಮಾಡಿ, ಗಾಳಿ ಆಡಿಸಿ, ತಿಳಿದವರಿಂದ ಪರೀಕ್ಷೆ ಮಾಡಿಸದೆ ಯಾರೂ ಇಳಿಯಕೂಡದು. ಒಬ್ಬರು ಬಿದ್ದರೆಂದು ಮತ್ತೊಬ್ಬರು ಹಾರಲೇಕೂಡದು.

ನಂಬಿಕೆ: ಗಿಡಮರ ಸುಟ್ಟರೆ ವಾತಾವರಣಕ್ಕೆ ಹೊಸ ಇಂಗಾಲ ಸೇರುವುದಿಲ್ಲ

ಬೆಳೆಯುವಾಗ ಹೀರಿದ್ದನ್ನೇ ಉರಿಯುವಾಗ ಬಿಡುತ್ತದೆ, ಹಾಗಾಗಿ ಲೆಕ್ಕ ಸೊನ್ನೆ ಎಂಬ ವಾದ ಕೇಳಲು ಚೆಂದ. ಇದರಲ್ಲಿ ಬಿಟ್ಟುಹೋಗಿರುವುದು ಕಾಲ. ಕಬ್ಬಿನ ರವದಿ ಅಥವಾ ಭತ್ತದ ಹೊಟ್ಟು ಸುಟ್ಟರೆ, ಮುಂದಿನ ಬೆಳೆ ಬರುವಷ್ಟರಲ್ಲಿ ಆ ಇಂಗಾಲ ಮತ್ತೆ ಗಿಡದೊಳಗೆ ಸೇರುತ್ತದೆ. ಐವತ್ತು ವರ್ಷದ ಮರವನ್ನು ಕಡಿದು ಒಂದು ದಿನದಲ್ಲಿ ಸುಟ್ಟರೆ, ಅದು ತುಂಬಿಬರಲು ಇನ್ನೊಂದು ತಲೆಮಾರು ಬೇಕು. ಅಲ್ಲಿಯವರೆಗೆ ಆ ಹೊಗೆ ಆಕಾಶದಲ್ಲೇ ಇರುತ್ತದೆ.

ಬ್ರಿಟನ್ನಿನ ಯಾರ್ಕ್‌ಶೈರ್‌ನ ಡ್ರಾಕ್ಸ್ ವಿದ್ಯುತ್ ಸ್ಥಾವರದ ಉದಾಹರಣೆ ನೋಡಿ. ಒಂದು ಕಾಲಕ್ಕೆ ಆ ದೇಶದ ಅತಿ ದೊಡ್ಡ ಕಲ್ಲಿದ್ದಲು ಸ್ಥಾವರ ಅದು. 2013ರಿಂದ 2018ರ ನಡುವೆ ಅದರ ಆರು ಘಟಕಗಳಲ್ಲಿ ನಾಲ್ಕನ್ನು ಮರದ ಪೆಲೆಟ್‌ಗೆ ಬದಲಿಸಿದರು. ಆ ಪೆಲೆಟ್‌ಗಳ ಬಹುಪಾಲು ಅಟ್ಲಾಂಟಿಕ್ ಸಾಗರದಾಚೆಯ ಅಮೆರಿಕದ ಕಾಡು, ನೆಡುತೋಪುಗಳಿಂದ ಹಡಗಿನಲ್ಲಿ ಬರುತ್ತವೆ. ಅದೇ ಪ್ರಮಾಣದ ವಿದ್ಯುತ್ತಿಗೆ ಮರ ಸುಟ್ಟರೆ ಚಿಮಣಿಯಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಕಲ್ಲಿದ್ದಲಿಗಿಂತ ಕಡಿಮೆಯೇನಲ್ಲ. ಆದರೂ ಅಂತಾರಾಷ್ಟ್ರೀಯ ಲೆಕ್ಕಪತ್ರದ ನಿಯಮದಲ್ಲಿ ಅದನ್ನು ಮರ ಕಡಿದ ದೇಶದ ಭೂಬಳಕೆಯ ಖಾತೆಗೆ ಬರೆಯುತ್ತಾರೆ, ಸುಟ್ಟ ಕಡೆ ಸೊನ್ನೆ. 2018ರ ಆರಂಭದಲ್ಲಿ ಸುಮಾರು 800 ವಿಜ್ಞಾನಿಗಳು ಯುರೋಪಿನ ಸಂಸತ್ತಿಗೆ ಪತ್ರ ಬರೆದು ಇದನ್ನು ವಿರೋಧಿಸಿದರು.

ನಮ್ಮಲ್ಲಿನ ಸ್ಥಿತಿ ಬೇರೆ. ಕರ್ನಾಟಕದ ಬಯೋಮಾಸ್ ವಿದ್ಯುತ್ತಿನ ಬಹುಪಾಲು ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮಂಡ್ಯ ಮೊದಲಾದ ಕಡೆಯ ಸಕ್ಕರೆ ಕಾರ್ಖಾನೆಗಳದ್ದು. ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕೆಜಿ ಸಿಪ್ಪೆ ಉಳಿಯುತ್ತದೆ. ಅದನ್ನು ಸುಟ್ಟು ಮಾಡಿದ ಹಬೆ ಮೊದಲು ಟರ್ಬೈನು ತಿರುಗಿಸುತ್ತದೆ, ಆಮೇಲೆ ಕಬ್ಬಿನ ಹಾಲು ಕಾಯಿಸುತ್ತದೆ. ಸಿಪ್ಪೆ ಕಾರ್ಖಾನೆಯ ಅಂಗಳದಲ್ಲೇ ಬಿದ್ದಿರುವುದರಿಂದ ಸಾಗಣೆಯೂ ಇಲ್ಲ. ಬಯೋಮಾಸ್ ಬಳಕೆಯಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆ ಕಡಿಮೆ. ಆದರೆ ಕಬ್ಬು ಎಷ್ಟು ನೀರು ಕುಡಿಯುತ್ತದೆಂಬುದು ಕಾವೇರಿ, ಕೃಷ್ಣೆಯ ಬಯಲಿನವರಿಗೆಲ್ಲ ಗೊತ್ತು. ಬೆಳೆದ ಕಬ್ಬಿನ ಸಿಪ್ಪೆ ಸುಡುವುದು ಜಾಣತನ, ಹಸಿರು ವಿದ್ಯುತ್ತಿನ ಹೆಸರಿನಲ್ಲಿ ಕಬ್ಬು ಹೆಚ್ಚಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ನಂಬಿಕೆ: ಹೊಲದ ಕಸ ಯಾರಿಗೂ ಬೇಡ, ಪುಕ್ಕಟೆ ಸಿಗುತ್ತದೆ

ರಾಗಿ ಹುಲ್ಲನ್ನು ಕಸ ಎಂದು ತುಮಕೂರು, ಕೋಲಾರದ ರೈತನ ಮುಂದೆ ಹೇಳಿ ನೋಡಿ. ಬೇಸಿಗೆಯಲ್ಲಿ ಅವನ ದನ ಬದುಕುವುದೇ ಆ ಬಣವೆಯಿಂದ. ಜೋಳದ ಸೊಪ್ಪೆಯ ಕಥೆಯೂ ಅದೇ. ದೇಶದಲ್ಲಿ ವರ್ಷಕ್ಕೆ ಸುಮಾರು 75 ಕೋಟಿ ಟನ್ ಬಯೋಮಾಸ್ ಸಿಗುತ್ತದೆಂದೂ, ಮೇವು, ಉರುವಲು, ಗೊಬ್ಬರಕ್ಕೆಲ್ಲ ಹೋಗಿ ಹೆಚ್ಚುವರಿಯಾಗಿ ಉಳಿಯುವುದು ಸುಮಾರು 23 ಕೋಟಿ ಟನ್ ಎಂದೂ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದ ಅಂದಾಜು ಹೇಳುತ್ತದೆ. ಮೂರನೇ ಎರಡು ಭಾಗಕ್ಕಿಂತ ಹೆಚ್ಚಿನದಕ್ಕೆ ಈಗಾಗಲೇ ಒಡೆಯರಿದ್ದಾರೆ ಎಂದರ್ಥ.

ಉಳಿದದ್ದು ಒಂದೇ ಕಡೆ ರಾಶಿ ಬಿದ್ದಿರುವುದಿಲ್ಲ. 1 ಮೆಗಾವಾಟ್‌ನ ಚಿಕ್ಕ ಸ್ಥಾವರ ವರ್ಷಕ್ಕೆ 7,000 ಗಂಟೆ ಓಡಿದರೆ, ಯೂನಿಟ್ಟಿಗೆ 1.3 ಕೆಜಿಯಂತೆ ಹಿಡಿದರೂ ಬೇಕಾಗುವ ಇಂಧನ 9,000 ಟನ್ ದಾಟುತ್ತದೆ. ರವದಿ, ತೆಂಗಿನ ಗರಿಯಂಥ ವಸ್ತು ತೂಕಕ್ಕಿಂತ ಜಾಗ ಹೆಚ್ಚು ತಿನ್ನುತ್ತದೆ. ಟ್ರೇಲರಿನ ತುಂಬ ಎತ್ತರಕ್ಕೆ ಹೇರಿ ಹಗ್ಗ ಬಿಗಿದರೂ ವೇಬ್ರಿಡ್ಜಿನಲ್ಲಿ ಬರುವ ಅಂಕಿ ಡ್ರೈವರನ ಡೀಸೆಲ್ಲಿಗೆ ಸಮ ಅನ್ನಿಸುವುದಿಲ್ಲ. ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲಿ 2001ರಲ್ಲಿ ಶುರುವಾದ 4.5 ಮೆಗಾವಾಟ್ ಸ್ಥಾವರ ಇಂಥ ಹಗುರ ಇಂಧನವನ್ನೇ ನಂಬಿ ಕಟ್ಟಿದ್ದು. ಹೊಲದಲ್ಲಿ ಬೆಂಕಿಗೆ ಬೀಳುತ್ತಿದ್ದ ರವದಿಗೆ ಬೆಲೆ ಬಂದದ್ದು, ಕಟ್ಟು ಕಟ್ಟಿ ಹೊರುವವರಿಗೆ ಕೂಲಿ ಸಿಕ್ಕಿದ್ದು ಇಂಥ ಸ್ಥಾವರಗಳ ಲಾಭದ ಮುಖ. ಇನ್ನೊಂದು ಮುಖವೂ ಇದೆ. ಸ್ಥಾವರ ಬಂದ ಕೂಡಲೇ ಕಸದ ದರ ಏರುತ್ತದೆ. ಭತ್ತದ ಹೊಟ್ಟನ್ನು ಮೊದಲು ಮಿಲ್ಲಿನವರು ಎತ್ತಿಕೊಂಡು ಹೋದರೆ ಸಾಕು ಎನ್ನುತ್ತಿದ್ದರು, ಆಮೇಲೆ ತೂಗಿ ಮಾರಿದರು. ಹೊಟ್ಟನ್ನೇ ನೆಚ್ಚಿದ್ದ ಇಟ್ಟಿಗೆ ಗೂಡಿನವರು, ಚಿಕ್ಕ ಹೋಟೆಲಿನವರು ಪರದಾಡಿದರು. ಇಂಧನದ ದರ ಏರಿ ವಿದ್ಯುತ್ತಿನ ದರ ಏರದಿದ್ದಾಗ ರಾಜ್ಯದ ಹಲವು ಬಯೋಮಾಸ್ ಘಟಕಗಳು ಬಾಗಿಲು ಹಾಕಿದ್ದೂ ಉಂಟು.

ಕಸ ಎಂದರೆ ಎಲ್ಲವೂ ಒಂದೇ ಎಂಬುದೂ ತಪ್ಪು. ಭತ್ತದ ಹುಲ್ಲಿನಲ್ಲಿ ಪೊಟ್ಯಾಷಿಯಂ, ಕ್ಲೋರಿನ್, ಸಿಲಿಕಾ ಹೆಚ್ಚು. ಬಾಯ್ಲರಿನ ಕೊಳವೆಗಳ ಮೇಲೆ ಬೂದಿ ಕರಗಿ ಗಾಜಿನಂತೆ ಅಂಟುತ್ತದೆ. ಹಸಿ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು, ಅದನ್ನು ಆವಿ ಮಾಡಲಿಕ್ಕೇ ಒಂದಷ್ಟು ಶಾಖ ಹೋಗುತ್ತದೆ.

ನಂಬಿಕೆ: ಹಳ್ಳಿಯ ಒಲೆಗಳಿಂದಲೇ ಕಾಡು ಹಾಳಾಯಿತು

ಎಪ್ಪತ್ತರ ದಶಕದಲ್ಲಿ ಜಗತ್ತಿನಾದ್ಯಂತ ಈ ಮಾತು ಹಬ್ಬಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಕೇಂದ್ರ ಕಟ್ಟಿದ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಮನೆಯ ಇಂಧನ ಅಳೆದರು. ಅಲ್ಲಿ ಒಲೆಗೆ ಹೋಗುತ್ತಿದ್ದುದು ಹೆಚ್ಚಾಗಿ ಹೆಂಗಸರು, ಮಕ್ಕಳು ಆರಿಸಿ ತಂದ ಪುಳ್ಳೆ, ರೆಂಬೆ, ಕಡ್ಡಿ. ಬುಡಸಮೇತ ಕಡಿದ ಮರ ಲಾರಿಯಲ್ಲಿ ಹೋಗುತ್ತಿದ್ದುದು ಬೆಂಗಳೂರಿನಂಥ ಪಟ್ಟಣಕ್ಕೆ. ಕಾಡು ಹೋದ ತಪ್ಪನ್ನು ತಲೆಹೊರೆ ಹೊತ್ತವಳ ಮೇಲೆ ಹೊರಿಸಿದ್ದು ಅನ್ಯಾಯ.

ಆದರೆ ಒಲೆ ಅವಳನ್ನು ಬಿಟ್ಟಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಅಂದಾಜು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೈಸರ್ಗಿಕ ಇಂಧನದ ಹೊಗೆ ಅಪಾಯವಲ್ಲ ಎನ್ನುವವರು ಈ ಸಂಖ್ಯೆಯನ್ನು ಮತ್ತೊಮ್ಮೆ ಓದಬೇಕು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲೊಂದು ಪಾಲಷ್ಟೇ ಪಾತ್ರೆಗೆ ತಾಗುತ್ತದೆ. ಒಂದೇ ಉರಿಯಲ್ಲಿ ಮೂರು ಪಾತ್ರೆ ಕೂರುವ, ಹೊಗೆಗೂಡು ಇರುವ ಅಸ್ತ್ರ ಒಲೆ ಇದನ್ನು ಹಲವು ಪಟ್ಟು ಉತ್ತಮಪಡಿಸಿತು. ಅಡುಗೆಮನೆಯ ಗೋಡೆ ಕರಿಕಟ್ಟುವುದು ನಿಂತಿತು. ಹೊಗೆಗೂಡಿನ ಮಸಿಯನ್ನು ಕಾಲಕಾಲಕ್ಕೆ ತೆಗೆಯಲೇಬೇಕಾಗಿತ್ತು, ತೆಗೆಯದ ಮನೆಗಳಲ್ಲಿ ಹೊಗೆ ಮತ್ತೆ ಒಳಗೆ ಬಂತು.

ನಂಬಿಕೆ: ಜತ್ರೋಪ ನೆಟ್ಟರೆ ಬರಡು ನೆಲದಲ್ಲಿ ಡೀಸೆಲ್

ನೀರು ಬೇಡ, ಗೊಬ್ಬರ ಬೇಡ, ಪಾಳು ಭೂಮಿ ಸಾಕು ಎಂಬ ಪ್ರಚಾರ ನಂಬಿ ನೆಟ್ಟವರು ಅನೇಕರು. 2003ರ ರಾಷ್ಟ್ರೀಯ ಬಯೋಡೀಸೆಲ್ ಯೋಜನೆ ಕೆಲವೇ ವರ್ಷಗಳಲ್ಲಿ ಶೇ 20ರಷ್ಟು ಬೆರಕೆಯ ಕನಸು ಕಂಡಿತ್ತು. ನೀರಿಲ್ಲದೆ ಬದುಕುವ ಗಿಡ ನೀರಿಲ್ಲದೆ ಕಾಯಿ ಬಿಡುವುದಿಲ್ಲ ಎಂಬುದು ಬೇಗನೆ ಗೊತ್ತಾಯಿತು. ನಮ್ಮ ಬದುಗಳ ಹೊಂಗೆ ಇದಕ್ಕಿಂತ ಎಷ್ಟೋ ವಾಸಿ: ಸುಮಾರು 4 ಕೆಜಿ ಬೀಜಕ್ಕೆ ಒಂದು ಲೀಟರ್ ಎಣ್ಣೆ, ಹಿಂಡಿ ಗೊಬ್ಬರಕ್ಕೆ, ಸೊಪ್ಪು ಗದ್ದೆಗೆ. ಲಾರಿಗಳಿಗೆಲ್ಲ ಸಾಲುವಷ್ಟು ಅದರಿಂದ ಬರುವುದಿಲ್ಲ, ಅಷ್ಟೇ.

ನಂಬಿಕೆ: ಯಂತ್ರ ತಂದಿಟ್ಟರೆ ಹಳ್ಳಿಗೆ ಬೆಳಕು

ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆಯನ್ನು ಅನಿಲವಾಗಿಸುವ ಗ್ಯಾಸಿಫೈಯರ್ ಕೂರಿಸಿದರು. ಡೀಸೆಲ್ ಎಂಜಿನ್ನಿಗೆ ಆ ಅನಿಲ ಬೆರೆಸಿ ಮನೆದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ನೀರಾವರಿ ನಡೆಸಿದರು. ಅದಕ್ಕೆಂದೇ ಊರಿನ ಪಕ್ಕ ಮರ ಬೆಳೆಸಿದರು. ಹದಿನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅದು ಓಡಿತು. ಓಡಿಸಿದ್ದು ಸೌದೆ ತುಂಡು ಮಾಡಿ ಒಣಗಿಸುತ್ತಿದ್ದ, ಅನಿಲ ತೊಳೆದ ಟಾರು ಬಳಿಯುತ್ತಿದ್ದ ಊರ ಹುಡುಗರು ಮತ್ತು ಕೆಟ್ಟಾಗ ಬರುತ್ತಿದ್ದ ಎಂಜಿನಿಯರುಗಳು.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯ ಪಾಠ ಇನ್ನೂ ದೊಡ್ಡದು. ಅಲ್ಲಿ ಮೊದಲು ಎಲ್ಲ ಮನೆಗೂ ಅಡುಗೆ ಗ್ಯಾಸು ಕೊಡಲು ಸಮುದಾಯ ಗೋಬರ್ ಗ್ಯಾಸ್ ಕಟ್ಟಿದರು. ಸಗಣಿ ಸಾಲಲಿಲ್ಲ, ಸೌದೆ ಹೇಗೋ ಸಿಗುತ್ತಿದ್ದುದರಿಂದ ಜನಕ್ಕೂ ಹುಮ್ಮಸ್ಸಿರಲಿಲ್ಲ. ಅವರಿಗೆ ಬೇಕಾಗಿದ್ದುದು ನೀರು. ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕೊಳವೆಬಾವಿಯ ನೀರು, ದೀಪ ಕೊಟ್ಟ ಮೇಲೆ ಯೋಜನೆ ಊರಿನದಾಯಿತು. ಸಗಣಿ ತಂದ ಮನೆಗೆ ಬಗ್ಗಡ ವಾಪಸು, ಜೊತೆಗೆ ತಂದಿದ್ದಕ್ಕೆ ಚಿಲ್ಲರೆ ಕಾಸು.

ಈಗ ಹಳ್ಳಿಗಳಿಗೆ ವಿದ್ಯುತ್ ಜಾಲ ಬಂದಿದೆ, ಸೌರ ವಿದ್ಯುತ್ ಅಗ್ಗವಾಗಿದೆ. ಯೂನಿಟ್ಟಿನ ದರದಲ್ಲಿ ಬಯೋಮಾಸ್ ಅದರೊಡನೆ ಪೈಪೋಟಿ ಮಾಡಲಾರದು. ಆದರೂ ಬಯೋಮಾಸ್ ಎಂದ ಕೂಡಲೇ ನಮಗೆ ಮೆಗಾವಾಟೇ ನೆನಪಾಗುತ್ತದೆ. ಚಿಕ್ಕ ಹಬೆ ಸ್ಥಾವರದಲ್ಲಿ ಇಂಧನದ ಶಾಖದ ನಾಲ್ಕರಲ್ಲೊಂದು ಪಾಲೂ ಕರೆಂಟಾಗುವುದು ಕಷ್ಟ. ಅದೇ ಇಂಧನವನ್ನು ಒಳ್ಳೆಯ ಒಲೆಯಲ್ಲೋ ಬಾಯ್ಲರಿನಲ್ಲೋ ಶಾಖಕ್ಕಾಗಿಯೇ ಉರಿಸಿದರೆ ಬಹುಪಾಲು ಕೆಲಸಕ್ಕೆ ಬರುತ್ತದೆ. ಆಲೆಮನೆಯಲ್ಲಿ ಗಾಣದಿಂದ ಬಂದ ಸಿಪ್ಪೆಯನ್ನು ಬಯಲಲ್ಲಿ ಹರವಿ ಒಣಗಿಸಿ ಅದನ್ನೇ ಕೊಪ್ಪರಿಗೆಯಡಿ ತುರುಕುತ್ತಾರೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸುವ ಹಂಡೆಯಡಿ ಅಡಿಕೆ ಸಿಪ್ಪೆಯೇ ಉರಿಯಬಹುದು. ಏಲಕ್ಕಿ ಒಣಗಿಸುವ ಗೂಡು, ಚಹಾ ಕಾರ್ಖಾನೆಯ ಡ್ರೈಯರ್, ಬಿಸಿಯೂಟದ ಅಡುಗೆಮನೆ, ಹೋಟೆಲಿನ ಬಾಯ್ಲರು ಎಲ್ಲಕ್ಕೂ ಬೇಕಾದದ್ದು ಶಾಖ. ಸರ್ಕಾರದ ಸಹಾಯಧನ, ಎಂಜಿನಿಯರಿಂಗ್ ಕಾಲೇಜುಗಳ ಜಾಣ್ಮೆ ಎರಡೂ ಈ ಒಲೆಗಳ ಕಡೆ ತಿರುಗಲಿ. ಹೊಗೆ ಹೊರಗೆ ಹೋಗುವ, ಅರ್ಧ ಸೌದೆಯಲ್ಲಿ ಅಷ್ಟೇ ಬೆಲ್ಲ ಕಾಯಿಸುವ ಒಲೆ ಕಟ್ಟಬಲ್ಲ ಗಾರೆಯವರನ್ನು ತಾಲ್ಲೂಕಿಗೆ ಹತ್ತು ಜನರಂತೆ ತಯಾರು ಮಾಡಲಿಕ್ಕೆ ಹೊಸ ಸಂಶೋಧನೆ ಯಾವುದೂ ಬೇಕಾಗಿಲ್ಲ.