ಭುಜಕ್ಕೆ ಆಪರೇಷನ್, ಎದೆಗೇಕೆ ಪರೀಕ್ಷೆ?

ಕೈ ಮೇಲೆತ್ತಲಾಗದೆ, ರಾತ್ರಿ ಆ ಮಗ್ಗುಲಿಗೆ ಮಲಗಲಾಗದೆ ಒದ್ದಾಡಿದವರಿಗೆ ಭುಜದ ಕೀಹೋಲ್ ಆಪರೇಷನ್ ಈಗ ಹೊಸದೇನಲ್ಲ. ಬೇತಮಂಗಲ, ಬಂಗಾರಪೇಟೆ, ಕೆಜಿಎಫ್ ಕಡೆಯವರು ಅದಕ್ಕಾಗಿ ಕೋಲಾರಕ್ಕೋ ಬೆಂಗಳೂರಿಗೋ ಹೋಗಿಬರುತ್ತಾರೆ. ಬಹುಪಾಲು ಮಂದಿಗೆ ಏನೂ ಆಗುವುದಿಲ್ಲ. ಅಪರೂಪಕ್ಕೆ ಉಸಿರಿಗೆ ತೊಡಕಾಗುತ್ತದೆ. ಆ ಅಪರೂಪದ ಬಗ್ಗೆ ಈ ಸೀಮೆಯವರು ಬೇರೆಯವರಿಗಿಂತ ಸ್ವಲ್ಪ ಹೆಚ್ಚೇ ತಿಳಿದಿರಬೇಕು.

“ಭುಜಕ್ಕೂ ಉಸಿರಿಗೂ ಏನು ನಂಟು?”

ನಂಟು ಇರುವುದು ಕತ್ತಿನಲ್ಲಿ. ನೋವು ತಡೆಯಲು ಅನಸ್ತೇಷಿಯಾ ವೈದ್ಯರು ಕತ್ತಿನ ಪಕ್ಕದಲ್ಲಿ, ತೋಳಿಗಿಳಿಯುವ ನರಗಳ ಸುತ್ತ ಮರಗಟ್ಟಿಸುವ ಮದ್ದು ಬಿಡುತ್ತಾರೆ. ಅದರ ತೀರಾ ಹತ್ತಿರದಲ್ಲೇ ಫ್ರೆನಿಕ್ ನರ ಹಾದುಹೋಗುತ್ತದೆ. ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಆಡಿಸುವುದು ಅದೇ. ಮದ್ದು ಅಲ್ಲಿಗೂ ಹರಿದರೆ ಆ ಬದಿಯ ವಪೆ ಕೆಲವು ಗಂಟೆ ಸುಮ್ಮನಾಗುತ್ತದೆ. ಇದು ಅಪರೂಪವೇ ಅಲ್ಲ. 1991ರಲ್ಲಿ ಅಮೆರಿಕದ ವೈದ್ಯರು ಇಂಥ ಇಂಜೆಕ್ಷನ್ ಪಡೆದ 13 ಮಂದಿಯನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿದಾಗ ಅಷ್ಟೂ ಜನರಲ್ಲಿ ಒಂದು ಬದಿಯ ವಪೆ ಸೋತಿತ್ತು. ಪೂರ್ತಿ ಉಸಿರೆಳೆದು ಬಿಡುವ ಶಕ್ತಿ ಸುಮಾರು ಕಾಲುಭಾಗ ಇಳಿಯುತ್ತದೆ. ಗಟ್ಟಿ ಎದೆಯವರಿಗೆ ಇದು ಗೊತ್ತೇ ಆಗುವುದಿಲ್ಲ. ಆ ಕಾಲುಭಾಗವನ್ನು ಬಿಟ್ಟುಕೊಡುವ ಸ್ಥಿತಿಯಲ್ಲಿ ಇಲ್ಲದವರಿಗೆ ಮಾತ್ರ ಏದುಸಿರು ಬರುತ್ತದೆ.

“ಉಸಿರು ಬಿಗಿಯಿತೆಂದರೆ ಇಂಜೆಕ್ಷನ್ ತಪ್ಪಿ ಬಿದ್ದಿದೆ”

ಹಾಗೇನಿಲ್ಲ. ದನಿ ಕಟ್ಟುವುದು, ಅದೇ ಬದಿಯ ಕಣ್ಣುರೆಪ್ಪೆ ಜೋಲುವುದು ಕೂಡ ಸರಿಯಾಗಿ ಕೊಟ್ಟ ಇಂಜೆಕ್ಷನ್‌ನಿಂದಲೇ ಆಗಬಹುದು, ಮದ್ದಿಳಿದಂತೆ ಹೋಗುತ್ತವೆ. ವಪೆಯ ದೌರ್ಬಲ್ಯ ವಾರ, ತಿಂಗಳುಗಟ್ಟಲೆ ಉಳಿಯುವುದು ಬಹಳ ವಿರಳ.

“ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಆ ದೂಳಿನ ಮಾತು ಈಗೇಕೆ?”

ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ ತಪ್ಪು ತಿಳಿವಳಿಕೆ ಇದೇ. ಕೆಜಿಎಫ್‌ನ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಅದನ್ನು ಕೊರೆದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತು ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ದೂಳಿನ ಕೆಲಸ ಬಿಟ್ಟ ಮೇಲೂ ಈ ಕಾಯಿಲೆ ಬೆಳೆಯುತ್ತಲೇ ಹೋಗಬಹುದು, ಗುಣಪಡಿಸುವ ಮದ್ದಿಲ್ಲ. ಚಾಂಪಿಯನ್ ರೀಫ್ಸ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆಗ ಮೂವತ್ತೈದರ ಆಸುಪಾಸಿನಲ್ಲಿದ್ದವರು ಈಗ ಅರವತ್ತರ ಹತ್ತಿರದವರು. ಭುಜದ ಸ್ನಾಯುರಜ್ಜು ಸವೆದು ಹರಿಯುವ ವಯಸ್ಸೂ ಅದೇ.

ಕಷ್ಟವೇನೆಂದರೆ, ಬೆಂಗಳೂರಿನ ಆಸ್ಪತ್ರೆಯಲ್ಲಿ “ಬೀಪಿ ಇದೆಯಾ, ಶುಗರ್ ಇದೆಯಾ” ಎಂದು ಕೇಳುತ್ತಾರೆ. ಗಣಿಯಲ್ಲಿ ದುಡಿದಿರಾ ಎಂದು ಎಲ್ಲರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳಬೇಕು. ಎಷ್ಟು ವರ್ಷ, ಸುರಂಗದಲ್ಲೋ ಮೇಲೋ, ಟಿಬಿ ಬಂದಿತ್ತೇ, ಬೀಡಿ ಉಂಟೇ, ಕ್ರಷರ್‌ನಲ್ಲಿ ಕೆಲಸ ಮಾಡಿದ್ದುಂಟೇ ಎಲ್ಲವನ್ನೂ. ಎದೆಯ ಹಳೇ ಎಕ್ಸ್‌ರೇ ಇದ್ದರೆ ಒಯ್ಯಿರಿ. ಊದಿ ನೋಡುವ ಸ್ಪೈರೊಮೆಟ್ರಿ ಪರೀಕ್ಷೆ ಬೇಕೆಂದರೆ ದುಡ್ಡು ಕೀಳುವುದಕ್ಕೆಂದುಕೊಳ್ಳಬೇಡಿ. ಶ್ವಾಸ ಕಮ್ಮಿ ಎಂದು ಮುಂಚೆಯೇ ಗೊತ್ತಾದರೆ ಮದ್ದಿನ ಪ್ರಮಾಣ ಇಳಿಸಬಹುದು, ಕತ್ತು ಬಿಟ್ಟು ಭುಜದ ಬಳಿಯ ನರಗಳನ್ನಷ್ಟೇ ಮರಗಟ್ಟಿಸಬಹುದು. ಹೊಗೆಯಿಂದ ಕೆಟ್ಟ ಶ್ವಾಸಕೋಶ, ಬೊಜ್ಜು, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದವರಿಗೂ ಇದೇ ಮಾತು.

“ತೂತು ಸಣ್ಣದು, ಅಪಾಯವೂ ಸಣ್ಣದು”

ತೂತು ಸಣ್ಣದೇ. ಆದರೆ ಕ್ಯಾಮೆರಾಗೆ ಚೆನ್ನಾಗಿ ಕಾಣಲೆಂದು ಲೀಟರುಗಟ್ಟಲೆ ಸಲೈನ್ ಅನ್ನು ಒತ್ತಡದಿಂದ ಕೀಲಿನೊಳಗೆ ಹರಿಸುತ್ತಾರೆ. ಒಂದಿಷ್ಟು ಸುತ್ತಲ ಮಾಂಸಕ್ಕೆ ಸೋರಿ ಭುಜ ಊದುವುದು ಸಾಮಾನ್ಯ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಆಪರೇಷನ್ ಬಹಳ ಹೊತ್ತು ಎಳೆದರೆ, ಪಂಪಿನ ಒತ್ತಡ ಹೆಚ್ಚಿದರೆ, ಆ ನೀರು ಕತ್ತಿಗೂ ಎದೆಗೂ ಹಬ್ಬಿ ಶ್ವಾಸನಾಳವನ್ನು ಒತ್ತಿದ ಉದಾಹರಣೆಗಳು ವೈದ್ಯಕೀಯ ವರದಿಗಳಲ್ಲಿವೆ. ಅಂಥ ಸಂದರ್ಭದಲ್ಲಿ ಊತ ಇಳಿಯುವವರೆಗೂ ಗಂಟಲಿನ ನಳಿಕೆ ತೆಗೆಯದೆ ಐಸಿಯುನಲ್ಲಿ ಇಡುತ್ತಾರೆ. ಹೊರಗೆ ಕೂತ ಮನೆಯವರು ಗಾಬರಿಯಾಗುವುದು ಸಹಜ. ಆದರೆ ಅದು ಕೈ ಮೀರಿದ್ದಕ್ಕೆ ಅಲ್ಲ, ಮೀರದಿರಲೆಂದು.

ಇನ್ನೂ ವಿರಳವಾದದ್ದು, ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನೊಳಗೆ ತುಂಬುವುದು. ಕೆಲವೊಮ್ಮೆ ಚರ್ಮದಡಿಗೂ ಗಾಳಿ ಹೊಕ್ಕು, ಒತ್ತಿದರೆ ಚರಚರ ಎನ್ನುತ್ತದೆ.

“ರಕ್ತ ಹೆಪ್ಪುಗಟ್ಟುವುದು ಕಾಲಿನ ಆಪರೇಷನ್‌ಗೆ ಮಾತ್ರ”

ಭುಜದ ಆಪರೇಷನ್ ನಂತರವೂ ಆಗಬಹುದು, ಕಾಲಿನಷ್ಟು ಸಾಮಾನ್ಯವಲ್ಲ ಅಷ್ಟೇ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಉಸಿರಿಗೇ ಕುತ್ತು. ಕೈ ಜೋಳಿಗೆಯಲ್ಲಿದ್ದರೂ ಕಾಲಿಗೆ ಕೆಲಸ ಕೊಡಿ.

“ಬೆಳಗ್ಗೆ ಆಪರೇಷನ್, ಸಂಜೆ ಮಾರಿಕುಪ್ಪಂ ರೈಲಿಗೆ ಮನೆ”

ಆರೋಗ್ಯವಂತರಿಗೆ ವೈದ್ಯರು ಒಪ್ಪಿದರೆ ಅದೇ ದಿನ ಮನೆಗೆ ಹೋಗುವುದು ತಪ್ಪಲ್ಲ. ಎದೆಯ ಕಾಯಿಲೆಯವರು ಆ ರಾತ್ರಿ ಆಸ್ಪತ್ರೆಯಲ್ಲೇ ಉಳಿಯುವ ಬಗ್ಗೆ ಕೇಳಬೇಕು. ನೂರು ಕಿಲೋಮೀಟರ್ ದೂರ ಬಂದು, ನಡುರಾತ್ರಿ ಬೇತಮಂಗಲದಲ್ಲಿ ಉಸಿರು ಸಾಲದಾದರೆ ವಾಪಸ್ ಹೋಗುವುದು ಸುಲಭವಲ್ಲ. ಮನೆಗೆ ಬಂದವರು ದಿಂಬು ಒರಗಿಸಿಕೊಂಡು ಎದೆ ಎತ್ತರಿಸಿ ಮಲಗಿ. ಟ್ರಮಡಾಲ್‌ನಂಥ ನೋವಿನ ಮಾತ್ರೆ ಬರೆದದ್ದಕ್ಕಿಂತ ಒಂದೂ ಹೆಚ್ಚು ಬೇಡ, ಜೊತೆಗೆ ನಿದ್ದೆ ಮಾತ್ರೆ, ಹೆಂಡ ಬೇಡವೇ ಬೇಡ. ಮಲಗಿದರೆ ಉಸಿರು ಕಟ್ಟುವುದು, ಕತ್ತು ಊದುತ್ತಾ ಹೋಗುವುದು, ಎದೆಯಲ್ಲಿ ಚುಚ್ಚುವ ನೋವು, ತುಟಿ ನೀಲಿಯಾಗುವುದು ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನ್ ಮಾಡಿ. ಬಂದವರಿಗೆ ಡಿಸ್ಚಾರ್ಜ್ ಚೀಟಿ ತೋರಿಸಿ, ಕತ್ತಿಗೆ ಯಾವ ಬದಿ, ಎಷ್ಟು ಹೊತ್ತಿಗೆ ಇಂಜೆಕ್ಷನ್ ಕೊಟ್ಟಿದ್ದರು ಎಂಬುದನ್ನು ಮೊದಲು ಹೇಳಿ.