ನೃತ್ಯ ಸಂಯೋಜಕಿ ಮಾಯಾ ರಾವ್

ಬೆಂಗಳೂರಿನ ಬಳೇಪೇಟೆಯ ವಾದ್ಯದ ಅಂಗಡಿಗಳಲ್ಲಿ ಮೃದಂಗ, ತಬಲಗಳ ಜೊತೆಗೆ ಗೆಜ್ಜೆಗಳೂ ದೊರೆಯುತ್ತವೆ. ಪಟ್ಟಿಗೆ ಸಾಲುಸಾಲಾಗಿ ಹೊಲಿದವು ಭರತನಾಟ್ಯದವರಿಗೆ. ಉದ್ದನೆಯ ದಾರದಲ್ಲಿ ಒಂದೊಂದಾಗಿ ಪೋಣಿಸಿದವು ಕಥಕ್ ನರ್ತಕರಿಗೆ. ಕಥಕ್ ಕಲಿತವರು ಒಂದೊಂದು ಕಾಲಿಗೆ ನೂರಕ್ಕೂ ಮಿಕ್ಕಿ ಗೆಜ್ಜೆಗಳನ್ನು ಸುತ್ತಿಕೊಳ್ಳುವುದುಂಟು. ಉತ್ತರ ಭಾರತದ ಆ ನೃತ್ಯಕ್ಕೆ ಕನ್ನಡ ನಾಡಿನಲ್ಲಿ ನೆಲೆ ಒದಗಿಸಿದವರಲ್ಲಿ ಮಾಯಾ ರಾವ್ ಪ್ರಮುಖರು. ಅವರ ಹಿರಿಮೆ ಅಷ್ಟಕ್ಕೇ ಮುಗಿಯುವುದಿಲ್ಲ. ನೃತ್ಯ ಮಾಡುವುದು ಬೇರೆ, ನೃತ್ಯವನ್ನು ಕಟ್ಟುವುದು ಬೇರೆ. ಈ ಎರಡನೆಯದನ್ನೂ ಪಾಠ ಹೇಳಿ ಕಲಿಸಬಹುದೆಂದು ನಂಬಿ, ಅದಕ್ಕಾಗಿ ಶಾಲೆಯನ್ನೇ ತೆರೆದವರು ಅವರು.

ಮಾಯಾ ರಾವ್ 1928ರ ಮೇ 2ರಂದು ಮಲ್ಲೇಶ್ವರದ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಹಟ್ಟಂಗಡಿ ಸಂಜೀವರಾವ್ ಕಟ್ಟಡಗಳ ವಿನ್ಯಾಸಕಾರರು. ಮನೆಯಲ್ಲಿ ಸಂಗೀತಕ್ಕೆ ಮನ್ನಣೆಯಿತ್ತು. ಆದರೆ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಗೆಜ್ಜೆ ಕಟ್ಟುವುದೆಂದರೆ ಅಂದಿನ ಸಮಾಜ ಹುಬ್ಬು ಗಂಟಿಕ್ಕುತ್ತಿತ್ತು. ಮರ್ಯಾದೆಯ ಹೆಸರಿನಲ್ಲಿ ಎಷ್ಟು ಮಂದಿಯ ಕಲೆ ಮನೆಯ ಹೊಸ್ತಿಲೊಳಗೇ ಬಾಡಿಹೋಯಿತೋ, ಲೆಕ್ಕವಿಟ್ಟವರಿಲ್ಲ! ಒಮ್ಮೆ ಬೆಂಗಳೂರಿಗೆ ಬಂದಿದ್ದ ಉದಯಶಂಕರರ ತಂಡದ ಪ್ರದರ್ಶನವನ್ನು ಕಂಡ ಸಂಜೀವರಾಯರು ಮಾರುಹೋದರು. ತಮ್ಮ ಮಕ್ಕಳೂ ನೃತ್ಯ ಕಲಿಯಲೆಂದು ನಿಶ್ಚಯಿಸಿದರು. ಜಗತ್ಪ್ರಸಿದ್ಧ ನರ್ತಕ ರಾಮಗೋಪಾಲರು ನಗರದಲ್ಲಿ ನಡೆಸುತ್ತಿದ್ದ ಶಾಲೆಯಲ್ಲಿ, ಜಯಪುರ ಘರಾನೆಯ ಪಂಡಿತ ಸೋಹನಲಾಲರ ಬಳಿ, ಹನ್ನೆರಡರ ಹರೆಯದ ಮಾಯಾ ಕಥಕ್ ಅಭ್ಯಾಸವನ್ನು ಆರಂಭಿಸಿದರು.

ಕೆಲವೇ ವರ್ಷಗಳಲ್ಲಿ ತಂದೆ ತೀರಿಕೊಂಡರು. ಸಂಸಾರ ಕಷ್ಟಕ್ಕೆ ಸಿಲುಕಿತು. ಹವ್ಯಾಸವಾಗಿ ಕಲಿತ ವಿದ್ಯೆಯೇ ಆಗ ಮನೆಗೆ ಆಸರೆಯಾಯಿತು. ಇತರರಿಗೆ ನೃತ್ಯ ಹೇಳಿಕೊಡುತ್ತಲೇ ಅವರು ಓದನ್ನು ಮುಂದುವರಿಸಿ, ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿ ಪಡೆದರು. ಮುಂದೆ ದೆಹಲಿಯ ಭಾರತೀಯ ಕಲಾಕೇಂದ್ರದಲ್ಲಿ ಲಖನೌ ಘರಾನೆಯ ಶಂಭು ಮಹಾರಾಜರ ಶಿಷ್ಯೆಯಾದರು.

1960ರಲ್ಲಿ ವಿದ್ಯಾರ್ಥಿವೇತನವೊಂದು ಅವರನ್ನು ಸೋವಿಯತ್ ದೇಶಕ್ಕೆ ಕರೆದೊಯ್ದಿತು. ಅಲ್ಲಿ ಅವರು ಅಭ್ಯಾಸ ಮಾಡಿದ್ದು ನೃತ್ಯ ಸಂಯೋಜನೆಯನ್ನು. ರಷ್ಯದ ಬ್ಯಾಲೆಯಾಗಲಿ, ಅಮೆರಿಕದ ಜಾಸ್ ನೃತ್ಯವಾಗಲಿ, ಅಲ್ಲೆಲ್ಲ ನರ್ತಕನಷ್ಟೇ ಮನ್ನಣೆ ಸಂಯೋಜಕನಿಗೂ ಉಂಟು. ನಮ್ಮಲ್ಲಿ ಕಥಕ್ ಬಹುಮಟ್ಟಿಗೆ ಒಬ್ಬರೇ ಆಡುವ ನೃತ್ಯ. ತಬಲದೊಡನೆ ಲಯದ ಪಂಥ ಕಟ್ಟಿ, ಸುತ್ತು ಸುತ್ತಿ, ತಾಳದ ಮೊದಲ ಮಾತ್ರೆಯಾದ ಸಮಕ್ಕೆ ಸರಿಯಾಗಿ ಬಂದು ನಿಂತರೆ ಸಭೆ ತಲೆದೂಗುತ್ತದೆ. ಆದರೆ ರಂಗದ ಮೇಲೆ ಹತ್ತು ಮಂದಿ ಇದ್ದರೆ? ಯಾರು ಯಾವ ಮೂಲೆಯಿಂದ ಬರಬೇಕು, ಯಾರು ನಿಶ್ಚಲರಾಗಿರಬೇಕು, ಗುಂಪು ಎಲ್ಲಿ ಒಡೆಯಬೇಕು, ಎಲ್ಲಿ ಕೂಡಬೇಕು, ಬೆಳಕು ಯಾರ ಮೇಲೆ ಬೀಳಬೇಕು, ಇವೆಲ್ಲವನ್ನೂ ಯೋಚಿಸಿ ಕಥೆಗೆ ಹೊಂದಿಸುವುದೇ ಸಂಯೋಜನೆ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ನಾನೂ ಮಕ್ಕಳನ್ನು ಎತ್ತರಕ್ಕೆ ತಕ್ಕಂತೆ ಸಾಲಾಗಿ ನಿಲ್ಲಿಸಿ ನೃತ್ಯ ಮಾಡಿಸಿದ್ದುಂಟು. ಅದು ಕವಾಯತಾಗಿತ್ತೇ ಹೊರತು ಸಂಯೋಜನೆಯಾಗಿರಲಿಲ್ಲವೆಂದು ಈಗ ತಿಳಿಯುತ್ತದೆ.

1964ರಲ್ಲಿ ಹಿಂದಿರುಗಿದ ಮಾಯಾ ರಾವ್, ಕಮಲಾದೇವಿ ಚಟ್ಟೋಪಾಧ್ಯಾಯರ ಪ್ರೋತ್ಸಾಹದಿಂದ ದೆಹಲಿಯ ಭಾರತೀಯ ನಾಟ್ಯ ಸಂಘದ ಆಶ್ರಯದಲ್ಲಿ ನೃತ್ಯ ಸಂಯೋಜನೆಯ ಶಾಲೆಯನ್ನು ಆರಂಭಿಸಿದರು. ಗುರುವಿನಿಂದ ಬಂದುದನ್ನು ಬಂದಂತೆಯೇ ಉಳಿಸಿಕೊಳ್ಳುವ ಪರಂಪರೆಯಲ್ಲಿ, ಹೊಸತನ್ನು ಕಟ್ಟುವುದಕ್ಕೂ ಒಂದು ಪಠ್ಯಕ್ರಮವೆಂಬುದು ಎಲ್ಲರಿಗೂ ಸುಲಭವಾಗಿ ಒಪ್ಪಿಗೆಯಾಗುವ ಮಾತಲ್ಲ. ಪರಂಪರೆಯನ್ನು ಅವರು ಬಿಡಲೂ ಇಲ್ಲ. ಗುರುಗಳಿಂದ ಕಲಿತ ಕಥಕ್ಕೇ ಅವರ ಸಂಯೋಜನೆಗಳ ತಳಹದಿ. ‘ಹೊಯ್ಸಳ ವೈಭವ’ದಂತಹ ನೃತ್ಯರೂಪಕದಲ್ಲಿ ಉತ್ತರದ ಕಲೆ ಕರ್ನಾಟಕದ ಚರಿತ್ರೆಯೊಡನೆ ಕೈಜೋಡಿಸಿತು.

1987ರಲ್ಲಿ, ಅಂದಿನ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಆಹ್ವಾನದಂತೆ ಶಾಲೆ ಬೆಂಗಳೂರಿಗೆ ಬಂದಿತು. ಹುಟ್ಟಿದ ಮಲ್ಲೇಶ್ವರದಲ್ಲಿಯೇ ಅವರು ಮತ್ತೆ ಪಾಠ ಹೇಳತೊಡಗಿದರು. 1989ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಅವರಿಗೆ ಸಂದಿತು. ಅವರ ಮಗಳು ಮಧು ನಟರಾಜ್ ತಾಯಿಯಿಂದ ಕಥಕ್ ಕಲಿತು, 1995ರಲ್ಲಿ ಸಮಕಾಲೀನ ನೃತ್ಯದ ತಮ್ಮದೇ ತಂಡವನ್ನು ಕಟ್ಟಿದರು. 2014ರ ಸೆಪ್ಟೆಂಬರ್ 1ರಂದು ಮಾಯಾ ರಾವ್ ನಿಧನರಾದರು. ಆಗ ಅವರಿಗೆ 86 ವರ್ಷ.